ಬಾಗಿಲ ಮೇಸ್ತ್ರಿಯ ಕಂಠಸಿರಿ

ಬಾಗಿಲ ಮೇಸ್ತ್ರಿ ಆ ದಿನ ‘ಹೂಂ’ ಅನ್ನದೇ ಇದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ದೊಡ್ಡ ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು, ಜ್ಞಾಪಕಶಕ್ತಿ ಬೇಕು. ಮೇಸ್ತ್ರಿಗೆ ಎರಡೂ ಇರಲಿಲ್ಲ. ಅವನು ಹೇಳಿದ್ದು ಬರೀ ಒಂದು ‘ಹೂಂ’. ಅದೂ ಬಾಯಿಬಿಟ್ಟು ಹೇಳಿದ್ದಲ್ಲ, ಚಹಾ ಕುಡಿಯುತ್ತ ಲೋಟದ ಒಳಗೇ ಹೇಳಿಕೊಂಡದ್ದು. ಆದರೆ ಲೋಟಕ್ಕೆ ಬಾಯಿ ಅಗಲ, ಎದುರಿಗೆ ಕೂತಿದ್ದ ಷಡ್ಡಕರ ಕಿವಿ ಇನ್ನೂ ಅಗಲ.

ಷಡ್ಡಕರು ಅಂದರೆ ಮೇಸ್ತ್ರಿಯ ಹೆಂಡತಿಯ ಅಕ್ಕನ ಗಂಡ. ವಿಮಾ ಕಂಪನಿಯಲ್ಲಿ ಶಾಖಾಧಿಕಾರಿ. ಹತ್ತೊಂಬತ್ತು ವರ್ಷದಿಂದ ಮೇಸ್ತ್ರಿಯನ್ನು ‘ಏನಪ್ಪಾ’ ಅಂತಲೇ ಮಾತಾಡಿಸಿದವರು. ಅವರ ಮನೆಯ ಕಪಾಟಿನ ಬಾಗಿಲು ಸಿಕ್ಕಿಕೊಂಡಾಗ ಮಾತ್ರ ಅವರಿಗೆ ಈ ಸಂಬಂಧ ನೆನಪಾಗುತ್ತಿತ್ತು. ಆ ಶನಿವಾರ ಬೆಳಗ್ಗೆಯೂ ಯಾವುದೋ ಕಪಾಟಿನ ವಿಷಯಕ್ಕೇ ಬಂದಿದ್ದರು. ಅಷ್ಟರಲ್ಲಿ ಅಂಚೆಯವನು ಒಂದು ದಪ್ಪ ಲಕೋಟೆ ತಂದುಕೊಟ್ಟ. ಯಾರ ಮನೆಗೇ ಕಾಗದ ಬಂದರೂ ತಾವೇ ಒಡೆದು ಓದುವುದು ಅಧಿಕಾರಿಗಳ ಸ್ವಭಾವ. ಷಡ್ಡಕರು ಒಡೆದರು, ಕನ್ನಡಕ ಏರಿಸಿದರು, ಗಟ್ಟಿಯಾಗಿ ಓದಿದರು:

“ಸಂಗೀತೋದ್ಯಮದ ವಾರ್ಷಿಕ ಪ್ರಶಸ್ತಿಗಳು. ವಿಭಾಗ: ವಿಶ್ವ ಸಂಗೀತ, ಸಮಕಾಲೀನ ಆಲ್ಬಂ. ಅಂತಿಮ ಸುತ್ತಿಗೆ ಆಯ್ಕೆಯಾದ ಐದು ಆಲ್ಬಂಗಳಲ್ಲಿ ಒಂದರ ಕಲಾವಿದರಾದ ತಮಗೆ ಅಭಿನಂದನೆಗಳು...” ಆಮೇಲೆ ಕಲಾವಿದರ ಪಟ್ಟಿ. ತಂತಿವಾದ್ಯ ಒಬ್ಬರು, ಕೊಳಲು ಒಬ್ಬರು, ಚರ್ಮವಾದ್ಯ ಇಬ್ಬರು. ಕೊನೆಯ ಸಾಲಿಗೆ ಬಂದಾಗ ಷಡ್ಡಕರ ದನಿ ಇಳಿಯಿತು. “ಕಂಠ: ಬಾಗಿಲ ಮೇಸ್ತ್ರಿ.”

ಅಡುಗೆಮನೆಯಿಂದ ಮೇಸ್ತ್ರಿಯ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನಿಂತಳು.

“ನೀವು... ಹಾಡ್ತೀರಾ?” ಅಂದರು ಷಡ್ಡಕರು.

‘ನೀವು’! ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ. ಮೇಸ್ತ್ರಿ ಲೋಟ ಕೆಳಗಿಟ್ಟ. ನಿಜ ಹೇಳಬೇಕು ಅಂತ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ದೀಪ ಹಚ್ಚಿಟ್ಟ ಹಾಗಿತ್ತು. ಲೋಟ ಎತ್ತಿಕೊಂಡು, “ಹೂಂ,” ಅಂದುಬಿಟ್ಟ.

ನಿಜ ಏನಪ್ಪಾ ಅಂದರೆ, ಮೇಸ್ತ್ರಿ ಹುಟ್ಟಿದ ಮೇಲೆ ಒಂದು ಸಾಲೂ ಹಾಡಿದವನಲ್ಲ. ಅವನದು ಬಾಗಿಲ ಕೆಲಸ. ಕಿರುಗುಟ್ಟುವ ಬಾಗಿಲು, ಮುಚ್ಚದ ಬಾಗಿಲು, ಮುಚ್ಚಿದರೆ ತೆರೆಯದ ಬಾಗಿಲು, ಇವನ್ನೆಲ್ಲ ಸರಿಮಾಡುವುದು. ಹೋದ ವರ್ಷ ಒಂದು ರೆಕಾರ್ಡಿಂಗ್ ಸ್ಟುಡಿಯೋದವರು ಕರೆಸಿದ್ದರು. ಸ್ಟುಡಿಯೋ ಬಾಗಿಲು ಅಂದರೆ ನಮ್ಮ ನಿಮ್ಮ ಮನೆಯ ಬಾಗಿಲಲ್ಲ. ಒಳಗೊಂದು ಹೊರಗೊಂದು, ಎರಡು ಬಾಗಿಲು. ಒಂದೊಂದೂ ಗೇಣುದಪ್ಪ, ಅಂಚಿಗೆಲ್ಲ ರಬ್ಬರು, ಎತ್ತಿದರೆ ಎಮ್ಮೆ ತೂಕ. ಎರಡರ ನಡುವೆ ಒಬ್ಬ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವಷ್ಟು ಜಾಗ. ಅಲ್ಲಿ ನಿಂತು ಒಳಬಾಗಿಲಿನ ಸ್ಕ್ರೂ ಬಿಚ್ಚುತ್ತಿದ್ದಾಗ ಒಳಗಿನವರು ಇವನನ್ನು ಮರೆತೇಬಿಟ್ಟು ಕೆಂಪು ದೀಪ ಹಾಕಿದರು. ಕೆಂಪು ದೀಪ ಹತ್ತಿತೆಂದರೆ ರೆಕಾರ್ಡಿಂಗ್ ಶುರು. ಯಾರೂ ಅಲುಗುವಂತಿಲ್ಲ, ಕೆಮ್ಮುವಂತಿಲ್ಲ. ಒಳಗೆ ಗಡ್ಡದ ಸಂಗೀತಗಾರರೊಬ್ಬರು ಕಣ್ಣುಮುಚ್ಚಿ ತಂತಿ ಮೀಟತೊಡಗಿದರು. ಹೊರಗೆ ಮೇಸ್ತ್ರಿ, ಸ್ಕ್ರೂ ಇಲ್ಲದ ಬಾಗಿಲನ್ನು ಭುಜಕ್ಕೆ ಆನಿಸಿಕೊಂಡು ಶಿಲೆಯಾಗಿ ನಿಂತ.

ಆ ಸಂಗೀತ ಹದಿನೇಳು ನಿಮಿಷದ್ದಂತೆ. ಹನ್ನೆರಡನೇ ನಿಮಿಷಕ್ಕೆ ಮೇಸ್ತ್ರಿಯ ಭುಜ ಸೋತಿತು. ಬಾಗಿಲು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಜಾರಿಬಂದು ಅವನ ಎಡಗೈ ಹೆಬ್ಬೆರಳ ಮೇಲೆ ಕೂತಿತು.

ಕೆಂಪು ದೀಪ ನೋಡಿ ಮೇಸ್ತ್ರಿ ತುಟಿ ಕಚ್ಚಿದ. ಅರ್ಧ ನಿಮಿಷ ಕಚ್ಚಿದ. ಆದರೂ ನೋವು ಕೇಳಬೇಕಲ್ಲ! ಹಲ್ಲಿನ ಸಂದಿಯಿಂದ ಸಣ್ಣ ಎಳೆಯಾಗಿ ಹೊರಟ ದನಿ ಮೇಲೇರಿ, ಅಲ್ಲೇ ನಡುಗಿ, “ಅ...ಮ್ಮಾ...” ಅಂತ ಜಾರಿಕೊಂಡು ಇಳಿಯಿತು. ಮೈಕು ಅದನ್ನು ಒಂದು ಹನಿ ಚೆಲ್ಲದೆ ಹಿಡಿದುಕೊಂಡಿತು.

ಕೆಲಸ ಹೋಯಿತು ಅಂತ ಮೇಸ್ತ್ರಿ ನಡುಗುತ್ತಿದ್ದರೆ, ಗಡ್ಡದವರು ಕಣ್ಣೀರು ಸುರಿಸುತ್ತ ಬಂದು ಅವನನ್ನು ತಬ್ಬಿಕೊಂಡರು. “ಈ ದನಿಗೋಸ್ಕರ ಹನ್ನೊಂದು ವರ್ಷ ಹುಡುಕಿದೀನಿ! ಎಲ್ಲಿದ್ರಿ ನೀವು?” ಅಂದರು. “ಬಾಗಿಲ ಸಂದಿಯಲ್ಲಿದ್ದೆ ಸ್ವಾಮಿ,” ಅಂದ ಮೇಸ್ತ್ರಿ. ಇನ್ನೊಂದು ಸಲ ಹಾಡಿ ಅಂದರು, ಬರಲಿಲ್ಲ. ಇರಲಿ, ಮೊದಲನೆಯದೇ ಸಾಕು ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಬಾಗಿಲ ಕೆಲಸ ಮುಗಿದದ್ದಕ್ಕೆ ಸಹಿ ಇರಬೇಕು ಅಂದುಕೊಂಡು ಮೇಸ್ತ್ರಿ ಹಾಕಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಷಡ್ಡಕರು ಮೆಟ್ಟಿಲು ಇಳಿದು ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಸಂಜೆಗೆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರೇ ಬಂದರು. ಇದೇ ಅಧ್ಯಕ್ಷರು ಹಿಂದಿನ ವಾರ, ಮೇಸ್ತ್ರಿಯ ಗರಗಸದ ಸದ್ದಿನಿಂದ ನಿದ್ದೆ ಕೆಡುತ್ತದೆ ಅಂತ ಸೂಚನಾ ಫಲಕದಲ್ಲಿ ಬರೆದು ಅಂಟಿಸಿದ್ದವರು. ಈಗ ಕೈಮುಗಿದು, “ಕ್ಷಮಿಸ್ಬೇಕು, ಅದು ಅಭ್ಯಾಸ ಅಂತ ನಮಗೆ ಗೊತ್ತಾಗ್ಲಿಲ್ಲ,” ಅಂದರು.

“ಈ ವಿಶ್ವ ಸಂಗೀತ ಅಂದ್ರೆ ಏನು ಮೇಸ್ತ್ರಿಗಳೇ?”

“ಲೋಕದಲ್ಲಿ ಯಾರಿಗೂ ಅರ್ಥ ಆಗದೆ ಇರೋದು,” ಅಂದ ಮೇಸ್ತ್ರಿ, ತನಗೆ ತಿಳಿದಷ್ಟು.

“ಆಹಾ! ಎಂಥಾ ಮಾತು!” ಅಂತ ಅಧ್ಯಕ್ಷರು ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಮಾರನೇ ದಿನ ಮೇಲಿನ ಮಹಡಿಯ ಸಂಗೀತದ ಟೀಚರ್ ಫೋನಿನಲ್ಲಿ ಆ ಆಲ್ಬಂ ಕೇಳಿಕೊಂಡು ಬಂದರು. ಈಕೆ ಮೂವತ್ತು ವರ್ಷ ಹಾಡು ಹೇಳಿಕೊಟ್ಟವರು; ಖೋಟಾ ನೋಟನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಮೇಸ್ತ್ರಿಯನ್ನು ನೋಡುತ್ತ ಕೂತರು. ಈಕೆಯ ಹತ್ತಿರ ಸುಳ್ಳು ನಡೆಯುವುದಿಲ್ಲ ಅಂತ ಮೇಸ್ತ್ರಿಗೆ ಆಗಲೇ ಗೊತ್ತಾಯಿತು. ಸರಿ, ನಿಜವನ್ನೇ ಹೇಳಿಬಿಡೋಣ ಅಂತ ತೀರ್ಮಾನಿಸಿದ.

“ಎಷ್ಟು ವರ್ಷದ ಸಾಧನೆ?” ಅಂದರು ಟೀಚರ್.

“ಸಾಧನೆ ಏನೂ ಇಲ್ಲಮ್ಮ. ಹದಿನಾಲ್ಕನೇ ವಯಸ್ಸಿಂದ ಬೆರಳು ಜಜ್ಜಿಕೊಳ್ತಾ ಬಂದಿದೀನಿ.”

ಟೀಚರ್ ಬೆನ್ನು ನೆಟ್ಟಗೆ ಮಾಡಿಕೊಂಡರು. “ಗುರುಗಳು?”

“ಅಪ್ಪ. ತಪ್ಪು ಮಾಡಿದ್ರೆ ಅಳತೆ ಕೋಲಲ್ಲೇ ಬಾರಿಸೋರು.”

“ಆ ಸ್ವರ... ಅದನ್ನ ಹೇಗೆ ಹಿಡಿದ್ರಿ?”

“ನಾನು ಹಿಡೀಲಿಲ್ಲಮ್ಮ, ಅದೇ ನನ್ನ ಹಿಡ್ಕೊಳ್ತು. ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ. ನೋವಿಲ್ಲದೆ ಆ ದನಿ ಬರಲ್ಲ, ಎಷ್ಟು ಪ್ರಯತ್ನಪಟ್ರೂ ಬರಲ್ಲ.”

ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು. “ಮೂವತ್ತು ವರ್ಷ ಬರೀ ಗಂಟಲಿಂದ ಹಾಡಿದೆ ನಾನು,” ಅಂದವರೇ ಹೊರಟುಹೋದರು. ಆ ವಾರ ಅವರ ಶಿಷ್ಯೆಯರಿಗೆ ಪಾಠವಿರಲಿಲ್ಲ.

ಹೊರಗಿನವರಿಗೆ ಹೇಳಿದ್ದು ಸಾಲದು, ಹೆಂಡತಿಗಾದರೂ ಹೇಳಬೇಕು ಅಂತ ಮೇಸ್ತ್ರಿ ಅಡುಗೆಮನೆಗೆ ಹೋದ. “ಲೇ, ಒಂದು ಮಾತು. ಆ ಕಂಠ ಅಂತ ಬರ್ದಿದಾರಲ್ಲ...”

“ರೀ, ಅಕ್ಕ ಫೋನ್ ಮಾಡಿದ್ಲು!” ಅಂದಳು ಹೆಂಡತಿ, ಒಲೆ ಆರಿಸಿ ತಿರುಗಿ ನಿಂತು. “ಅವಳಾಗೇ ಮಾಡಿದ್ಲು ರೀ. ಪರದೆಗೆ ಯಾವ ಬಣ್ಣ ತಗೊಳ್ಳಲಿ ಅಂತ ನನ್ನ ಕೇಳಿದ್ಲು. ನನ್ನ! ಮದುವೆ ಆದಾಗಿಂದ ಅವರ ಮನೆಗೆ ಹೋದ್ರೆ ನಾನು ಪಾತ್ರೆ ತೊಳೆಯೋ ಕಡೆನೇ ನಿಂತಿದೀನಿ. ‘ಪಾಪ, ಬಡಗಿ ಹೆಂಡ್ತಿ’ ಅಂತ ಎಲ್ಲರ ಎದುರಿಗೇ ಅಂದಿದಾಳೆ. ನಿಮಗೆ ಹೇಳಿರಲಿಲ್ಲ ನಾನು.” ಸೆರಗಿಗೆ ಕೈ ಒರೆಸಿಕೊಂಡಳು. “ಏನೋ ಹೇಳೋಕೆ ಬಂದ್ರಿ?”

“ಏನಿಲ್ಲ. ಉಪ್ಪು ಕಮ್ಮಿ ಇತ್ತು ಸಾರಿಗೆ,” ಅಂದ ಮೇಸ್ತ್ರಿ. ಬಿಸಿ ತುಪ್ಪ ಬಾಯಲ್ಲಿ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತನ್ನ ಮಾನ ಹೋದರೆ ಹೋಗಲಿ, ಅದು ಅಂಥ ಭಾರೀ ಸಾಮಾನೇನೂ ಅಲ್ಲ. ಇವಳ ಮಾನ ಹೋದರೆ? ಇನ್ನು ಸತ್ತರೂ ಬಾಯಿಬಿಡುವುದಿಲ್ಲ ಅಂತ ಅಲ್ಲೇ ಆಣೆ ಮಾಡಿಕೊಂಡ.

ಈ ಗಲಾಟೆಯಲ್ಲಿ ತಲೆ ಕೆಡಿಸಿಕೊಳ್ಳದವರು ಮನೆಯಲ್ಲಿ ಒಬ್ಬರೇ, ಮೇಸ್ತ್ರಿಯ ತಾಯಿ. ಎಂಬತ್ತು ದಾಟಿದ ಮುದುಕಿ. ಒಳಕೋಣೆಯ ಮಂಚವೇ ಅವಳ ಲೋಕ. ಕಿವಿ ಮಂದವಾಗಿ ಆರು ವರ್ಷ. ಗುಡುಗಿದರೂ ಕೇಳುತ್ತಿರಲಿಲ್ಲ. ಸೊಸೆ ಹತ್ತಿರ ಹೋಗಿ, “ಅತ್ತೇ, ನಿಮ್ಮ ಮಗ ಹಾಡ್ತಾರಂತೆ!” ಅಂತ ಮೂರು ಸಲ ಕಿರುಚಿದ ಮೇಲೆ, “ಯಾರು, ಇವನಾ? ಸರಿ ಬಿಡು, ಊಟ ಮಾಡಿದ್ನಾ?” ಅಂದು ಮಗ್ಗುಲು ಬದಲಾಯಿಸಿದ್ದಳು.

ಕೀರ್ತಿ ಏನೋ ಬಂತು, ಕೆಲಸ ನಿಂತುಹೋಯಿತು. ಮೂರು ವಾರ ಒಬ್ಬರೂ ಮೇಸ್ತ್ರಿಗೆ ಫೋನ್ ಮಾಡಲಿಲ್ಲ. ದಾರಿಯಲ್ಲಿ ಸಿಕ್ಕ ಹಳೇ ಗಿರಾಕಿಯನ್ನು, “ನಿಮ್ಮ ಬಚ್ಚಲುಮನೆ ಬಾಗಿಲು ಹೇಗಿದೆ ಸಾರ್?” ಅಂತ ಇವನೇ ಕೇಳಿದ. “ಅಯ್ಯೋ, ಮುಚ್ಚೋದೇ ಇಲ್ಲ. ಒಳಗಿರೋರು ಹಾಡು ಹೇಳ್ತಾ ಇರ್ತೀವಿ. ಆದ್ರೂ ನಿಮ್ಮಂಥೋರನ್ನ ಕರೆಯೋಕಾಗುತ್ತಾ, ನಾಲಿಗೆ ಬಿದ್ದುಹೋಗುತ್ತೆ!” ಅಂದು ಆತ ಕೆನ್ನೆ ಬಡಿದುಕೊಂಡ. ನೆಲಮಹಡಿಯ ಅಂಗಡಿಯವನು ತನ್ನ ಬಾಗಿಲು ಕಿರುಗುಟ್ಟುವುದು ಮೇಸ್ತ್ರಿಯ ಕಿವಿಗೆ ಬೀಳಬಾರದು ಅಂತ ಅವನು ಬಂದಾಗಲೆಲ್ಲ ಬಾಗಿಲನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದ.

ತನ್ನ ಬಡಗಿ ಕೆಲಸದ ಪರವಾನಗಿ ನವೀಕರಿಸುವುದಕ್ಕೆ ಮೇಸ್ತ್ರಿ ಕಚೇರಿಗೆ ಹೋದರೆ ಅಲ್ಲೂ ಅದೇ ಕಥೆ. ಗುಮಾಸ್ತರು ಅರ್ಜಿ ನೋಡಿ ನಕ್ಕರು. “ವೃತ್ತಿ: ಬಡಗಿ ಅಂತ ಬರ್ದಿದೀರಲ್ಲ, ವಿನಯ ಇರ್ಬೇಕು, ಇಷ್ಟು ಇರ್ಬಾರ್ದು. ಸುಳ್ಳು ಮಾಹಿತಿ ಕೊಟ್ರೆ ನಾವು ಒಪ್ಪೋ ಹಾಗಿಲ್ಲ. ಕಲಾವಿದರ ಅರ್ಜಿ ಮೂರನೇ ಮಹಡಿ.”

“ಸಾರ್, ನಾನು ನಿಜವಾಗ್ಲೂ ಬಡಗಿ. ನಿಮ್ಮ ಆ ಡ್ರಾಯರ್ ಸಿಕ್ಕಿಹಾಕ್ಕೊಂಡಿದೆಯಲ್ಲ, ಎರಡು ನಿಮಿಷ ಕೊಡಿ, ಸರಿಮಾಡಿ ತೋರಿಸ್ತೀನಿ.”

ಗುಮಾಸ್ತರು ಡ್ರಾಯರಿಗೆ ಅಡ್ಡವಾಗಿ ನಿಂತುಬಿಟ್ಟರು. “ಛೆ ಛೆ! ಆ ಕೈಗೆ ಏನಾದ್ರೂ ಆದ್ರೆ ನಾಳೆ ಪೇಪರಲ್ಲಿ ನನ್ನ ಹೆಸರು ಬರುತ್ತೆ. ಮೇಲೆ ಹೋಗಿ.”

ಮೂರನೇ ಮಹಡಿಯಲ್ಲಿ, ಕಲಾವಿದ ಅನ್ನುವುದಕ್ಕೆ ಪುರಾವೆ ಬೇಕು, ಎರಡು ಸಾಲು ಹಾಡಿ ತೋರಿಸಿ ಅಂದರು. ಹಿಂದಕ್ಕೆ ತಿರುಗಿ ನೋಡದೆ ಮೇಸ್ತ್ರಿ ಮೆಟ್ಟಿಲಿಳಿದ. ಬಡಗಿಯೂ ಅಲ್ಲ, ಕಲಾವಿದನೂ ಅಲ್ಲ. ಅತ್ತ ದರಿ ಇತ್ತ ಪುಲಿ. ಸರ್ಕಾರಿ ಲೆಕ್ಕದಲ್ಲಿ ಆ ದಿನ ಅವನು ಏನೂ ಆಗಿರಲಿಲ್ಲ.

ಪ್ರಶಸ್ತಿ ಸಮಾರಂಭ ದೂರದ ಯಾವುದೋ ಊರಲ್ಲಿ. ಗಡ್ಡದವರು ಅಲ್ಲಿಗೆ ಹೋಗಿದ್ದರು. ಅಲ್ಲಿ ಸಂಜೆ, ಇಲ್ಲಿ ಭಾನುವಾರ ಬೆಳಗ್ಗೆ ಹತ್ತು ಗಂಟೆ, ಟಿವಿಯಲ್ಲಿ ನೇರಪ್ರಸಾರ. ಷಡ್ಡಕರು ತಮ್ಮ ಮನೆಯ ದೊಡ್ಡ ಟಿವಿಯನ್ನು ಇಬ್ಬರ ಕೈಲಿ ಹೊರಿಸಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬಂದರು. ಅಕ್ಕ ಈ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಅಧ್ಯಕ್ಷರು ಹೂಗುಚ್ಛ ತಂದರು. ಟೀಚರ್ ಬಂದು ಮುಂದಿನ ಸಾಲಲ್ಲಿ ಕೂತರು. ಬಚ್ಚಲುಮನೆಯ ಗಿರಾಕಿ, ಅಂಗಡಿಯವನು, ಅವರ ಮಕ್ಕಳು, ಎಲ್ಲ ಸೇರಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರಶಸ್ತಿ ಬಂದರೆ ಮುಂದಿನ ಭಾನುವಾರ ತಾರಸಿಯ ಮೇಲೆ ಮೇಸ್ತ್ರಿಗಳ ಎರಡು ಗಂಟೆಯ ಕಛೇರಿ ಅಂತ ಅಧ್ಯಕ್ಷರು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಾತ್ರ, ಲೋಕದ ಸಂಗೀತಗಾರರಲ್ಲಿ ಯಾರೂ ಎಂದೂ ಬೇಡದ ವರವನ್ನು ಬೇಡಿಕೊಂಡ: ‘ದೇವರೇ, ಸೋಲಿಸಿಬಿಡಪ್ಪಾ.’

ವಿಶ್ವ ಸಂಗೀತದ ಸರದಿ ಬಂತು. ಐದು ಆಲ್ಬಂಗಳಿಂದ ಒಂದೊಂದು ತುಣುಕು ಕೇಳಿಸುತ್ತೇವೆ ಅಂದಳು ನಿರೂಪಕಿ. ಮೊದಲನೆಯದು ಡೋಲು, ಎರಡನೆಯದು ಡೋಲಿನ ಜೊತೆ ಗಂಟೆ, ಮೂರನೆಯದರಲ್ಲಿ ಯಾರೋ ನೀರು ಸುರಿಯುತ್ತಿದ್ದರು. ನಾಲ್ಕನೆಯದಕ್ಕೆ ಬೆಟ್ಟದ ಮೇಲೆ ನಿಂತ ಗಡ್ಡದವರ ಚಿತ್ರ ಬಂತು. “ಇದೇ! ಇದೇ!” ಅಂದರು ಷಡ್ಡಕರು. ತಂತಿ ಮಿಡಿಯಿತು. ಆಮೇಲೆ ದೊಡ್ಡ ಟಿವಿಯ ಎರಡೂ ಕಡೆಯಿಂದ ಸಣ್ಣ ಎಳೆಯಾಗಿ ಹೊರಟು, ಮೇಲೇರಿ, ನಡುಗಿ, ಆ ದನಿ ಕೋಣೆಯನ್ನು ತುಂಬಿತು.

“ಅ...ಮ್ಮಾ...”

ಟೀಚರ್ ಕಣ್ಣುಮುಚ್ಚಿ ತಲೆದೂಗಿದರು. ಅಧ್ಯಕ್ಷರು ಎದೆ ಹಿಡಿದುಕೊಂಡರು. ಅಕ್ಕ ತಂಗಿಯ ಕೈ ಒತ್ತಿದಳು. ಹೆಂಡತಿ ಗಂಡನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಗುಡುಗಿದರೂ ಕೇಳದ ಮುದುಕಿ ಎದ್ದು ಕೂತಿದ್ದಳು. “ಬಂದೆ ಕಣೋ, ಬಂದೆ, ಬಂದೆ ಇರು,” ಅನ್ನುತ್ತ, ಗೋಡೆ ಹಿಡಿದುಕೊಂಡು, ಒಂದು ಬಟ್ಟಲು ತಣ್ಣೀರು ತುಳುಕಿಸಿಕೊಂಡು, ಭುಜದ ಮೇಲೆ ಒಂದು ಚೂರು ಬಟ್ಟೆ ಹಾಕಿಕೊಂಡು ಹೊರಗೆ ಬಂದಳು. ಆ ಜನವನ್ನೆಲ್ಲ ಕಣ್ಣೆತ್ತಿಯೂ ನೋಡದೆ, ಕೂತವರ ಕಾಲುಗಳ ಸಂದಿಯಲ್ಲಿ ಕಾಲಿಟ್ಟುಕೊಂಡು ನೇರವಾಗಿ ಮಗನ ಹತ್ತಿರ ಬಂದು ನಿಂತಳು.

“ಎಲ್ಲಿ, ತೋರ್ಸೋ. ಯಾವ ಬೆರಳು?”

“ಏನೂ ಆಗಿಲ್ಲಮ್ಮಾ. ನೀನು ಒಳಗೆ ಹೋಗು,” ಅಂದ ಮೇಸ್ತ್ರಿ, ಬೆವೆತುಹೋಗಿ.

“ನನ್ನ ಹತ್ರ ಬಚ್ಚಿಡ್ಬೇಡ. ಹದಿನಾಲ್ಕು ವರ್ಷದೋನಾಗಿದ್ದಾಗಿಂದ ಕೇಳ್ತಿದೀನಿ. ಉಳಿ ತಾಗಿದ್ರೆ ಮೊಟಕಾಗಿ ಕೂಗ್ತೀಯ. ಸುತ್ತಿಗೆ ಬಿದ್ರೆ ಮೊದಲು ಬೈದು ಆಮೇಲೆ ಕೂಗ್ತೀಯ. ಇದು ಬಾಗಿಲು. ಅದೂ ದೊಡ್ಡ ಬಾಗಿಲು. ಕೊಡು ಕೈ!”

ಪ್ರಶಸ್ತಿ ಸಮಿತಿಯಲ್ಲಿ ಎಷ್ಟು ಜನ ಪಂಡಿತರಿದ್ದರೋ ಗೊತ್ತಿಲ್ಲ. ಅವರಲ್ಲಿ ಒಬ್ಬರಿಗೂ ಸಿಗದ ಆ ದನಿಯ ಮೂಲ ಮುದುಕಿಗೆ ಒಂದೇ ಸಲ ಕೇಳಿದ್ದರಲ್ಲಿ ಸಿಕ್ಕಿತ್ತು. ಅವಳು ಮಗನ ಎಡಗೈ ಎಳೆದು ಬಟ್ಟಲಲ್ಲಿ ಅದ್ದಿದಳು. ಸೊಟ್ಟಗೆ ಬೆಳೆದ ಹೆಬ್ಬೆರಳ ಉಗುರು ನೀರಿನಲ್ಲಿ ಎಲ್ಲರಿಗೂ ಕಂಡಿತು. ಬೇಡ ಬೇಡ ಅಂದರೂ ಮೇಸ್ತ್ರಿಗೆ ಕಣ್ಣಲ್ಲಿ ನೀರು ಬಂತು. ಒಂದು ವರ್ಷದ ಹಿಂದಿನ ನೋವಿಗೆ ಈಗ ಯಾರೋ ತಣ್ಣೀರು ಹಾಕಿದ್ದರು.

“ಹೌದು,” ಅಂದ ಎಲ್ಲರ ಕಡೆ ತಿರುಗಿ. “ಬಾಗಿಲೇ. ನನಗೆ ಹಾಡೋಕೆ ಬರಲ್ಲ. ಬಾಗಿಲು ಬಿತ್ತು, ಕೂಗ್ಕೊಂಡೆ, ಅವರು ರೆಕಾರ್ಡ್ ಮಾಡ್ಕೊಂಡ್ರು. ಹೂಂ ಅಂದದ್ದು ಮಾತ್ರ ನನ್ನ ತಪ್ಪು.”

ಅಧ್ಯಕ್ಷರು ಹೂಗುಚ್ಛವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಟೀಚರ್ ಒಂದು ಕಣ್ಣು ತೆರೆದರು. ಕೊನೆಗೆ ಬಚ್ಚಲುಮನೆಯ ಗಿರಾಕಿ ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ ಮೇಸ್ತ್ರಿ... ನೀನು ಈಗಲೂ ಬಾಗಿಲ ಕೆಲಸ ಮಾಡ್ತೀಯ ಅನ್ನು?”

“ಮಾಡ್ತೀನಿ ಸಾರ್! ಅದು ಬಿಟ್ಟು ಇನ್ನೇನು ಬರುತ್ತೆ ನನಗೆ?”

ಕಟ್ಟೆ ಒಡೆದ ಹಾಗಾಯಿತು. “ನಾಳೆ ಬೆಳಗ್ಗೆನೇ ಬಾ ಮಾರಾಯ, ಮೂರು ವಾರದಿಂದ ಹಾಡಿ ಹಾಡಿ ಸಾಕಾಗಿದೆ!” ಅಂದ ಗಿರಾಕಿ. “ಮೊದಲು ನಂದು!” ಅಂದ ಅಂಗಡಿಯವನು. “ಬಾಗಿಲು ಎತ್ತಿ ಎತ್ತಿ ನನ್ನ ತೋಳು ಬಿದ್ದುಹೋಗಿದೆ.” ಅಧ್ಯಕ್ಷರಿಗೆ ಕಿಟಕಿ, ಟೀಚರಿಗೆ ಪೆಟ್ಟಿಗೆಯ ಮುಚ್ಚಳ. “ಏನಪ್ಪಾ, ನಮ್ಮ ಕಪಾಟು...” ಅಂತ ಷಡ್ಡಕರೂ ಶುರುಮಾಡಿದರು. ಮೇಸ್ತ್ರಿ ಒಂದು ಕೈ ಬಟ್ಟಲಲ್ಲಿ ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಎಲ್ಲವನ್ನೂ ಬರೆದುಕೊಂಡ. “ಕೈ ಅಲ್ಲಾಡಿಸ್ಬೇಡ,” ಅಂತ ಮುದುಕಿ ನಡುನಡುವೆ ಗದರಿಸುತ್ತಿದ್ದಳು. ಈ ಗದ್ದಲದಲ್ಲಿ ನಿರೂಪಕಿ ಯಾವುದೋ ಲಕೋಟೆ ಒಡೆದಳು, ಯಾರದೋ ಹೆಸರು ಹೇಳಿದಳು, ಅಲ್ಲಿ ಯಾರೋ ಕುಣಿದಾಡಿದರು. ಪ್ರಶಸ್ತಿ ಯಾರಿಗೆ ಬಂತು ಅಂತ ಆ ಕೋಣೆಯಲ್ಲಿದ್ದ ಒಬ್ಬರೂ ಕೇಳಿಸಿಕೊಳ್ಳಲಿಲ್ಲ.

ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಉಳಿದದ್ದು ಷಡ್ಡಕರು ಮತ್ತು ಅಕ್ಕ. ಮೇಸ್ತ್ರಿ ಬಾಗಿಲ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮೆಟ್ಟಿಲಲ್ಲಿ ಇಳಿಯುತ್ತಿದ್ದವರಿಗೂ ಕೇಳಲಿ ಅಂತಲೇ, “ಪಾಪ! ಬೆರಳು ಜಜ್ಜಿಕೊಂಡದ್ದಕ್ಕಾ ಇಷ್ಟೊಂದು ಸಡಗರ? ಬಡಗಿ ಅಂದ್ಮೇಲೆ ಬಡಗಿನೇ ಬಿಡು,” ಅಂದಳು.

“ಹೌದಕ್ಕಾ,” ಅಂದಳು ತಂಗಿ. ದನಿ ಒಂದಿಷ್ಟೂ ನಡುಗಲಿಲ್ಲ. “ಭಾವ ನಾಳೆ ಆಫೀಸಲ್ಲಿ ಬೆರಳು ಜಜ್ಜಿಕೊಂಡು ಕೂಗಿದ್ರೆ ಪಕ್ಕದ ಮೇಜಿನೋರೂ ತಿರುಗಿ ನೋಡಲ್ಲ. ನಮ್ಮವರು ಕೂಗಿದ್ದನ್ನ ಲೋಕವೇ ಕೂತು ಕೇಳಿದೆ. ಟಿವಿ ಹುಷಾರಾಗಿ ತಗೊಂಡು ಹೋಗಿ.”

ಷಡ್ಡಕರು ಏನೋ ಹೇಳಲು ಹೋಗಿ, ಯೋಚಿಸಿ, ಹೌದು ಅನ್ನುವ ಹಾಗೆ ತಲೆಯಾಡಿಸಿಬಿಟ್ಟರು. ಅಕ್ಕ ಗಂಡನನ್ನು ದುರುಗುಟ್ಟಿ ನೋಡಿ ಇಳಿದುಹೋದಳು. ಮೇಸ್ತ್ರಿಯ ಹೆಂಡತಿ ಬಾಗಿಲು ಹಾಕಿದಳು. ಹಾಕುವುದಕ್ಕೆ ಮುಂಚೆ, ಗಂಡನ ಬೆರಳು ಸಂದಿಯಲ್ಲಿ ಇಲ್ಲ ತಾನೇ ಅಂತ ಒಮ್ಮೆ ಬಗ್ಗಿ ನೋಡಿಕೊಂಡಳು.